ಫ್ಲೈ ಫಿಶಿಂಗ್‌ಗೆ ಕಮ್ಮಿ ರೇಟಿಂದು ಯಾವುದು ತಗೊಳ್ಳಲಿ?

"ಫ್ಲೈ ಫಿಶಿಂಗ್ ಶುರು ಮಾಡ್ಬೇಕು ಅಂತಿದೀನಿ, ಕಮ್ಮಿ ರೇಟಿಂದು ಯಾವ್ದಾದ್ರೂ ಒಂದು ಸೆಟ್ ಹೇಳಿಬಿಡಿ." ಫೋನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ನಾನು ತುಂಗೆಯ ದಂಡೆಯಲ್ಲಿ ಲೈನ್ ಬೀಸುತ್ತಿರುವಾಗ ಬೆನ್ನ ಹಿಂದೆ ಬಂದು ನಿಂತೂ ಕೇಳುತ್ತಾರೆ. ದಯವಿಟ್ಟು ಹಿಂದೆ ನಿಲ್ಲಬೇಡಿ. ಲೈನ್ ಮುಂದೆ ಹೋಗುವ ಮೊದಲು ಹಿಂದೆ ಬರುತ್ತದೆ, ಅದರ ತುದಿಯಲ್ಲಿ ಕೊಕ್ಕೆ ಇರುತ್ತದೆ.

ಪ್ರಶ್ನೆ ತಪ್ಪಲ್ಲ. ದುಡ್ಡು ಎಲ್ಲರಿಗೂ ಕಷ್ಟದ್ದೇ. ಆದರೆ ರಾಡು, ರೀಲು, ಲೈನ್ ಇರುವ ಸೆಟ್ ಮನೆಗೆ ಬಂದರೆ ಕೆಲಸ ಮುಗಿಯಿತು ಅನ್ನುವ ಹಾಗೆ ಕೇಳುತ್ತಾರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ಯಾವ ಮೀನು, ಯಾವ ಹೊಳೆ ಅಂತ ತಿರುಗಿ ಕೇಳಿದರೆ "ಅದೆಲ್ಲ ಆಮೇಲೆ ನೋಡಣ" ಅನ್ನುತ್ತಾರೆ. ಅದು ಮೊದಲು ನೋಡಬೇಕಾದ್ದು.

ಎರೆಹುಳು ಚುಚ್ಚಿದ ಗಾಳವನ್ನು ದೂರ ಒಯ್ಯುವುದು ಅದಕ್ಕೆ ಕಟ್ಟಿದ ಸೀಸದ ತೂಕ. ಫ್ಲೈ ಅಂದರೆ ಕೊಕ್ಕೆಗೆ ಗರಿ, ದಾರ ಸುತ್ತಿ ಹುಳುವಿನ ಹಾಗೆ ಮಾಡಿದ್ದು, ಅದಕ್ಕೆ ತೂಕವೇ ಇಲ್ಲ. ಅದನ್ನು ಒಯ್ಯುವುದು ಲೈನಿನ ತೂಕ. ರಾಡಿನ ಮೇಲಿರುವ 5, 6, 8 ಅನ್ನುವ ನಂಬರು ಇದೇ ಲೆಕ್ಕದ್ದು. 6 ನಂಬರಿನ ಲೈನಿನ ಮೊದಲ 30 ಅಡಿ ಹತ್ತು ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, 8 ನಂಬರಿನದು ಸುಮಾರು ಹದಿಮೂರೂವರೆ ಗ್ರಾಂ. ರಾಡಿಗೂ ಲೈನಿಗೂ ನಂಬರು ಹೊಂದಬೇಕು. ಸಣ್ಣ ಹೊಳೆ, ಸಣ್ಣ ಮೀನು ಅಂದರೆ 5 ಅಥವಾ 6. ಮಹಶೀರ್‌ನಂಥ ದೊಡ್ಡ ಮೀನಿನ ಆಸೆ ಇದ್ದರೆ 8. ಒಂದೇ ರಾಡಿನಲ್ಲಿ ಎರಡೂ ಆಗಬೇಕು ಅಂದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಹಾಗಾಗಿ ನಿಮ್ಮ ಹತ್ತಿರ ಇರುವ ದುಡ್ಡಲ್ಲಿ ಮೊದಲ ಪಾಲು ಲೈನಿಗೆ. ಅಗ್ಗದ ರಾಡಿಗೆ ಒಳ್ಳೆಯ ಲೈನ್ ಹಾಕಿ ಬೀಸಬಹುದು. ದುಬಾರಿ ರಾಡಿಗೆ ಕೆಟ್ಟ ಲೈನ್ ಹಾಕಿದರೆ ಯಾರ ಕೈಯಲ್ಲೂ ಆಗುವುದಿಲ್ಲ. ರೀಲು ಸಾಧಾರಣದ್ದೇ ಸಾಕು, ಸಣ್ಣ ಮೀನಿಗೆ ಅದು ಲೈನ್ ಸುತ್ತಿಡುವ ಗಾಲಿ ಅಷ್ಟೇ. ಮಹಶೀರ್ ಹಿಂದೆ ಹೋಗುವವರು ಮಾತ್ರ ಬ್ರೇಕ್ ಚೆನ್ನಾಗಿರುವ ರೀಲು ನೋಡಿ.

ಇನ್ನು ಉಳಿದ ಸಣ್ಣ ಸಾಮಾನು. "ಫ್ಲೈ ಫಿಶಿಂಗ್" ಅಂತ ಬರೆದ ಪ್ಯಾಕೆಟ್ಟಿನಲ್ಲಿ ಬರುವ ಎಷ್ಟೋ ವಸ್ತುಗಳು ಶಿವಮೊಗ್ಗದ ಮಾಮೂಲಿ ಅಂಗಡಿಗಳಲ್ಲೇ ಸಿಗುತ್ತವೆ. ಕೊಕ್ಕೆ ಬಿಡಿಸುವ ಇಕ್ಕಳಕ್ಕೆ ಸರ್ಜಿಕಲ್ ಅಂಗಡಿಗೆ ಹೋಗಿ ಆರ್ಟರಿ ಫೋರ್ಸೆಪ್ಸ್ ಕೇಳಿ, ಅದೇ ಇದು. ದಾರ ಕತ್ತರಿಸಲು ನೇಲ್ ಕಟರ್. ಅದನ್ನು ಎದೆಗೆ ತೂಗುಹಾಕಲು ಆಫೀಸಿನ ಐಡಿ ಕಾರ್ಡಿನ, ಎಳೆದರೆ ಉದ್ದವಾಗಿ ಬಿಟ್ಟರೆ ಒಳಗೆ ಹೋಗುವ ದಾರದ ಬಿಲ್ಲೆ. ಫ್ಲೈ ಇಡಲು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸ್ಟೇಷನರಿ ಅಂಗಡಿಯ ಫೋಮ್ ಶೀಟ್ ಅಂಟಿಸಿದರೆ ಆಯಿತು. ಫ್ಲೈ ಕಟ್ಟಿದ ಮೇಲೆ ಗಂಟಿನ ಮೇಲೆ ಹಾಕುವ ಅಂಟಿನ ಬದಲು ಬಣ್ಣವಿಲ್ಲದ ಉಗುರುಬಣ್ಣ ಒಂದು ಹನಿ. ಇದು ಜುಗ್ಗತನ ಅಲ್ಲ. ವಸ್ತು ಅದೇ, ಕೆಲಸವೂ ಅದೇ.

ಲೈನಿನ ತುದಿಗೆ ಕಟ್ಟುವ ಲೀಡರ್ ಕೂಡ ಕೊಳ್ಳಬೇಕಾಗಿಲ್ಲ. ಟಂಗೂಸ್ ದಾರ ಬೇರೆ ಬೇರೆ ದಪ್ಪದ್ದು ತಂದು ನೀವೇ ಗಂಟು ಹಾಕಿ ಮಾಡಬಹುದು. 9 ಅಡಿಯ ಲೀಡರಿನಲ್ಲಿ ಐದೂವರೆ ಅಡಿಯಷ್ಟು ದಪ್ಪದ್ದು, ಮಧ್ಯೆ ಎರಡಡಿಗೆ ಸ್ವಲ್ಪ ಕಡಿಮೆ ಹಂತ ಹಂತವಾಗಿ ಸಣ್ಣಗಾಗುವ ತುಂಡುಗಳು, ಕೊನೆಗೆ ಅಷ್ಟೇ ಉದ್ದದ ತೆಳು ದಾರ. ಕೊನೆಯ ಈ ದಾರಕ್ಕೆ 3ಎಕ್ಸ್, 5ಎಕ್ಸ್ ಅಂತ ನಂಬರು ಇರುತ್ತದೆ, ಅದಕ್ಕೆ ಹೆದರಬೇಡಿ. 11ರಿಂದ ಆ ನಂಬರು ಕಳೆದರೆ ಇಂಚಿನ ಸಾವಿರದಲ್ಲಿ ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ. 3ಎಕ್ಸ್ ಅಂದರೆ 8, ಅಂದರೆ ಹೆಚ್ಚುಕಡಿಮೆ 0.20 ಮಿಲಿಮೀಟರ್. ಅಂಗಡಿಯಲ್ಲಿ ಮಿಲಿಮೀಟರ್ ನೋಡಿ ತನ್ನಿ. ಅಂಗಡಿ ಮುಂದೆ ಬಿಸಿಲಲ್ಲಿ ನೇತುಹಾಕಿದ ಸುರುಳಿ ಮಾತ್ರ ಬೇಡ, ಬಿಸಿಲಿಗೆ ನೈಲಾನ್ ಶಕ್ತಿ ಕಳೆದುಕೊಳ್ಳುತ್ತದೆ.

ಫ್ಲೈ ಕಟ್ಟಲು ಊರಿನ ಹುಂಜದ ಕತ್ತಿನ ಗರಿ, ಸ್ವೆಟರ್ ಉಲ್ಲನ್, ಮೇಕೆ ಬಾಲದ ಕೂದಲು ಸಾಕು. ಹೊರದೇಶದ ವಿಡಿಯೋಗಳಲ್ಲಿ ಜಿಂಕೆ ಕೂದಲು ಹಾಕಿ ಅನ್ನುತ್ತಾರೆ. ಅವರ ದೇಶದಲ್ಲಿ ಸರಿ. ಇಲ್ಲಿ ಯಾರಾದರೂ ಜಿಂಕೆ, ಕಡವೆ ಕೂದಲು ಕೊಡುತ್ತೇನೆ ಅಂದರೆ ಮುಟ್ಟಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಲೈನ್ ಬಿಟ್ಟರೆ ಅಗ್ಗದ್ದು ಹುಡುಕಬಾರದ ಇನ್ನೊಂದು ವಸ್ತು ಕನ್ನಡಕ. ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಹೊಳಪು ಹೋಗಿ ಒಳಗಿನ ಬಂಡೆ, ಮೀನು ಕಾಣುತ್ತದೆ, ಕಣ್ಣಿಗೆ ಕೊಕ್ಕೆ ಬಡಿಯುವುದೂ ತಪ್ಪುತ್ತದೆ. ಅಂಗಡಿಯವರು ಹೇಳಿದರು ಅಂತ ನಂಬಬೇಡಿ. ಕನ್ನಡಕವನ್ನು ಎಲ್‌ಸಿಡಿ ಪರದೆಯ ಮುಂದೆ ಹಿಡಿದು ನಿಧಾನ ತಿರುಗಿಸಿ. ಪರದೆ ಒಂದು ಕಡೆ ಕಪ್ಪಾದರೆ ಅದು ನಿಜವಾದ ಪೋಲರೈಸ್ಡ್. ಕಾಲಿಗೆ ತೋಟದ ಗಂಬೂಟು ಬೇಡವೇ ಬೇಡ. ಒಳಗೆ ನೀರು ತುಂಬಿದರೆ ಹೊಳೆಯಲ್ಲಿ ನಡೆಯುವುದು ಕಷ್ಟ.

ಇಷ್ಟೆಲ್ಲ ಹೇಳಿದರೂ "ಅದು ದುಡ್ಡಿದ್ದೋರ ಆಟ" ಅನ್ನುವವರು ಇದ್ದಾರೆ. ತೀರ್ಥಹಳ್ಳಿಯ ಒಂದು ಮದುವೆ ಊಟದಲ್ಲಿ, ಪಂಕ್ತಿಯಲ್ಲಿ ಪಕ್ಕ ಕೂತ ನೆಂಟರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅಲ್ಲ ಭಾವ, ನಮ್ಮಪ್ಪ ಒಂದು ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟು ಮನೆಮಂದಿಗೆಲ್ಲ ಸಾರಿಗಾಗೋಷ್ಟು ಮೀನು ತರ್ತಿದ್ರು. ನೀವು ಅಷ್ಟು ಖರ್ಚು ಮಾಡಿ, ಹಿಡಿದು, ವಾಪಸ್ ಬಿಡ್ತೀರಂತೆ!" ಎಲ್ಲರೂ ನಕ್ಕರು. ನನಗೆ ಹೋಳಿಗೆ ಇಳಿಯಲಿಲ್ಲ. ಕೂಣಿ ಇಟ್ಟವರನ್ನು ನಾನು ಯಾವತ್ತೂ ಕಡಿಮೆ ಮಾಡಿ ಮಾತಾಡಿಲ್ಲ. ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಹತ್ಮೀನಿನ ಸಂಭ್ರಮ ನೋಡಿಯೇ ನಾನೂ ಬೆಳೆದದ್ದು. ನನಗೆ ಇಷ್ಟವಾಗುವುದು ಬೇರೆ: ಹುಳು ಎಲ್ಲಿ ಬೀಳುತ್ತದೆ, ಮೀನು ಯಾಕೆ ಮೇಲೆ ಬರುತ್ತದೆ ಅಂತ ಹೊಳೆ ನೋಡುತ್ತಾ ನಿಲ್ಲುವುದು. ಅದಕ್ಕೆ ಲೆಕ್ಕ ಒಪ್ಪಿಸಬೇಕಾ?

ಸ್ವಲ್ಪ ದಿನದ ಮೇಲೆ ಅದೇ ನೆಂಟರು ಮಗನ ಕೈಲಿ ಹೊರದೇಶದಿಂದ ಭಾರಿ ಬೆಲೆಯ ಸೆಟ್ ತರಿಸಿದರು. ಬೇಸಿಗೆಯಲ್ಲಿ ಬೀಸಿದರು, ಖುಷಿಪಟ್ಟರು. ಮಳೆ ಶುರುವಾದಾಗ ಒದ್ದೆ ರಾಡನ್ನು ಹಾಗೇ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದರು. ರೀಲು ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಮಳೆ ಬಿಟ್ಟ ಮೇಲೆ ನನ್ನ ಹತ್ತಿರ ತಂದರು. ಕಾರ್ಕ್ ಹಿಡಿಗೆ ಹಸಿರು ಬೂಷ್ಟು. ರಾಡಿನ ಮೆರುಗು ಗುಳ್ಳೆ ಎದ್ದಿತ್ತು. ಎರಡು ತುಂಡು ಕಚ್ಚಿಕೊಂಡು ಬಿಡಿಸಲಾಗದೆ ಇದ್ದವು. ಲೈನ್ ಕೈಗೆ ಅಂಟುತ್ತಿತ್ತು. "ಏನ್ ಭಾವ, ಕಂಪನಿಯವ್ರು ಮೋಸ ಮಾಡಿದ್ರಾ?" ಅಂದರು. ಯಾರೂ ಮೋಸ ಮಾಡಿರಲಿಲ್ಲ.

ಅವತ್ತಿನಿಂದ ನನಗೆ ಅನಿಸುವುದು, ಜನ ನನ್ನನ್ನು ಕೇಳಬೇಕಾದ ಪ್ರಶ್ನೆ "ಯಾವುದು ತಗೊಳ್ಳಲಿ" ಅಲ್ಲ, "ಮಳೆಗಾಲದಲ್ಲಿ ಇದನ್ನೆಲ್ಲ ಎಲ್ಲಿ ಇಡ್ತೀರಿ" ಅನ್ನುವುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಲೆನಾಡಿನ ಮನೆಯಲ್ಲಿ ಆಷಾಢದಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ, ಕಾರ್ಕ್ ಬಿಡುತ್ತದೆಯೇ? ಬೇರೆ ದೇಶದವರು ಬರೆದ ಸಲಹೆಗಳಲ್ಲಿ ಈ ಮಳೆ ಇರುವುದಿಲ್ಲ.

ಹೊಳೆಯಿಂದ ಬಂದ ದಿನವೇ ರಾಡಿನ ತುಂಡುಗಳನ್ನು ಬಿಡಿಸಿ ಒರೆಸಿ, ಗೋಡೆಗೆ ಒರಗಿಸದೆ ಮಲಗಿಸಿ ಒಣಗಿಸಿ. ಬಟ್ಟೆ ಚೀಲ ಬೇರೆ ಒಣಗಲಿ. ಮಳೆಗಾಲ ಪೂರ್ತಿ ಡಬ್ಬದ ಮುಚ್ಚಳ ತೆಗೆದಿರಲಿ. ತುಂಡುಗಳು ಸೇರುವ ಜಾಗಕ್ಕೆ ಕ್ಯಾಂಡಲ್ ಮೇಣ ತೆಳುವಾಗಿ ಉಜ್ಜಿದರೆ ಕಚ್ಚಿಕೊಳ್ಳುವುದಿಲ್ಲ. ಕಚ್ಚಿಕೊಂಡರೆ ಇಕ್ಕಳ ಹಾಕಿ ತಿರುಚಬೇಡಿ. ರಾಡನ್ನು ಮೊಣಕಾಲಿನ ಹಿಂದೆ ಅಡ್ಡ ಹಿಡಿದು, ಕೈ ಎರಡೂ ಕಾಲಿನ ಹೊರಗಡೆ ಇಟ್ಟು, ಮೊಣಕಾಲು ನಿಧಾನ ಅಗಲಿಸಿ. ಎಳೆತ ನೇರ ಬರುತ್ತದೆ. ನೆಂಟರ ರಾಡು ಬಿಟ್ಟದ್ದು ಹೀಗೇ.

ಲೈನಿನ ಮೇಲ್ಪದರ ಸಾಮಾನ್ಯವಾಗಿ ಪಿವಿಸಿ. ಕಾದ ಕಾರಿನೊಳಗೆ ಬಿಟ್ಟರೆ ಹಾಳಾಗುತ್ತದೆ. ಡೀಟ್ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಹಿಡಿದರೂ ಅಷ್ಟೇ, ಆ ಮೇಲ್ಪದರವನ್ನೇ ಅದು ಕರಗಿಸುತ್ತದೆ. ಇಂಬಳಕ್ಕೆ (ಜಿಗಣೆಗೆ) ಹೆದರಿ ಕೈತುಂಬ ಕ್ರೀಮ್ ಬಳಿದುಕೊಳ್ಳುವವರು ಇದನ್ನು ನೆನಪಿಡಿ, ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚಿ ಕೈ ತೊಳೆದುಕೊಂಡು ಬನ್ನಿ. ಲೈನ್ ತೊಳೆಯಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಹಳೇ ಬನಿಯನ್ ಬಟ್ಟೆ. ಬಟ್ಟೆ ಸೋಪಿನ ಪುಡಿ ಬೇಡ. ಆಮೇಲೆ ಸಾದಾ ನೀರಲ್ಲಿ ತೊಳೆದು ಒಣಗಿಸಿ, ದೊಡ್ಡ ಸುರುಳಿ ಮಾಡಿ ಮೊಳೆಗೆ ತೂಗುಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ, ಅಲ್ಲಿ ಅಡಿಕೆ ಒಣಗಬಹುದು, ಲೈನ್ ಕೆಡುತ್ತದೆ. ರೀಲಿನ ಬ್ರೇಕ್ ತಿರುಪು ಪೂರ್ತಿ ಸಡಿಲ ಮಾಡಿಡಿ.

ಕೊಕ್ಕೆಗಳಿಗೆ ತುಕ್ಕೇ ಶತ್ರು. ಒದ್ದೆ ಫ್ಲೈಯನ್ನು ಡಬ್ಬಕ್ಕೆ ಹಾಕಬೇಡಿ, ಒಂದು ತುಕ್ಕಾದರೆ ಪಕ್ಕದ್ದಕ್ಕೂ ಹತ್ತುತ್ತದೆ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಎಸೆಯದೆ ಇದರೊಳಗೆ ಇಡಿ. ನೀಲಿ ಹರಳಿನದಾದರೆ ಗುಲಾಬಿ ಆದಾಗ ಮತ್ತೆ ಬಿಸಿ ಮಾಡಿ ಒಣಗಿಸಬಹುದು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಅದುಮಿಬಿಡಿ, ಮೀನಿಗೂ ಸುಲಭ, ನಿಮ್ಮ ಬೆರಳಿಗೂ ಸುಲಭ.

ಶೃಂಗೇರಿಯಲ್ಲಿ, ಚಿಬ್ಬಲಗುಡ್ಡೆಯಲ್ಲಿ ದೊಡ್ಡ ದೊಡ್ಡ ಮೀನಿದೆಯಲ್ಲ, ಅಲ್ಲಿ ಬೀಸಬಹುದಾ ಅಂತ ದಯವಿಟ್ಟು ಯಾರೂ ಕೇಳಬೇಡಿ. ಅವು ದೇವರ ಮೀನು. ಅಭಯಾರಣ್ಯದ ಒಳಗೂ ಇಲ್ಲ. ಮೀನು ಮೊಟ್ಟೆ ಇಡುವ ಮಳೆಗಾಲದಲ್ಲಿ ನಾನು ಎಲ್ಲೂ ಹೋಗುವುದಿಲ್ಲ.

ಹಾಗಾಗಿ ಫೋನ್ ಮಾಡುವವರು ಮೇ ತಿಂಗಳ ಕೊನೆಗೆ ಮಾಡಿ. ರಾಡ್ ಎಷ್ಟೇ ಅಗ್ಗದ್ದಿರಲಿ, ಹಿಡ್ಕೊಂಡು ಮನೆಗೆ ಬನ್ನಿ. ಕೂತು ತೊಳೆದು, ಒಣಗಿಸಿ, ಮೇಣ ಹಚ್ಚಿ ಇಡೋಣ. ಬರುವಾಗ ಒಂದು ಹಳೇ ಬನಿಯನ್ ತನ್ನಿ, ಕ್ಯಾಂಡಲ್ ನಾನು ಕೊಡುತ್ತೇನೆ.