ಅಜ್ಜನ ಹೆಗಲು

ಫೆಬ್ರುವರಿ 10, ರಾತ್ರಿ

ಇವತ್ತು ಇಡೀ ಮಾಲ್ಟಾಕ್ಕೆ ರಜೆ. ಕ್ರೈಸ್ತ ಧರ್ಮ ಸಾರಿದ ಸಂತ ಪೌಲನ ಹಡಗು ಒಡೆದು ಅವನು ಈ ದ್ವೀಪಕ್ಕೆ ಬಂದು ಬಿದ್ದಿದ್ದರ ಹಬ್ಬ. ವಯಸ್ಸಾದವರನ್ನ ನೋಡಿಕೊಳ್ಳೋ ನಮಗೆ ಮಾತ್ರ ಡ್ಯೂಟಿ. ಹಬ್ಬ ಅಂತ ಅವರ ಸ್ನಾನ, ಮಾತ್ರೆ ನಿಲ್ಲಿಸೋಕಾಗುತ್ತಾ?

ಕಿಟಕಿ ಪಕ್ಕದ ಮಂಚದ ಅಜ್ಜನಿಗೆ ಬೆಳಿಗ್ಗೆಯಿಂದಲೇ ಅವಸರ. ಬಿಳಿ ಶರ್ಟೇ ಬೇಕು ಅಂತ ಹಟ. ಮೈ ಒರೆಸುವಾಗ ಅವರ ಬಲ ಹೆಗಲ ಮೇಲಿನ ಗಂಟು ಕೈಗೆ ಸಿಕ್ಕಿತು. ಮೇಲಿನ ಚರ್ಮ ಜಡ್ಡುಗಟ್ಟಿ ನುಣುಪಾಗಿದೆ. ಒತ್ತಿದರೆ ನೋವಿಲ್ಲ. ದಿನಾ ನೋಡ್ತಿದ್ದೆ, ಇವತ್ತು ಕೇಳಿಯೇಬಿಟ್ಟೆ.

"ಇದಾ? ಸಂತ ಪೌಲ ಕೊಟ್ಟಿದ್ದು" ಅಂದರು.

ಅಜ್ಜ ರಾಜಧಾನಿ ವ್ಯಾಲೆಟ್ಟಾದವರು. ಅಲ್ಲಿ ಸಂತ ಪೌಲನ ಚರ್ಚಿನಲ್ಲಿ ಮರದ ದೊಡ್ಡ ಮೂರ್ತಿ ಇದೆ. ಮೆಲ್ಕಿಯೊರ್ರೆ ಕಫಾ ಅನ್ನುವ ಮಾಲ್ಟಾದವನೇ 17ನೇ ಶತಮಾನದಲ್ಲಿ ಕೆತ್ತಿದ್ದು. ಪೌಲನ ಮಣಿಕಟ್ಟಿನ ಮೂಳೆ ಅಂತ ಪೂಜಿಸುವ ಅವಶೇಷವೂ ಅದೇ ಚರ್ಚಿನಲ್ಲಿದೆ. ಈ ದಿನ ಆ ಮೂರ್ತಿಯನ್ನ ಹೆಗಲ ಮೇಲೆ ಹೊತ್ತು ಬೀದಿಗೆ ತರ್ತಾರೆ. ಬಾಲ್ಕನಿಗಳಿಂದ ಕಾಗದದ ಚೂರುಗಳ ಸುರಿಮಳೆ. ಅಜ್ಜ ಚಿಕ್ಕ ವಯಸ್ಸಿಗೇ ಅದಕ್ಕೆ ಹೆಗಲು ಕೊಟ್ಟವರು. "ಹೊರೋ ಎಲ್ಲರೂ ಒಂದೇ ಎತ್ತರ ಇರಬೇಕು. ಒಬ್ಬ ಗಿಡ್ಡ ಇದ್ದರೆ ಅವನ ಭಾರವೂ ಪಕ್ಕದವನಿಗೆ. ಇಳಿಜಾರಲ್ಲಿ ಮುಂದಿನವರ ಮೇಲೆ ಎಲ್ಲಾ ಬೀಳುತ್ತೆ. ಆದರೂ ನಿಲ್ಲಿಸು ಅಂತ ಯಾರೂ ಬಾಯಿಬಿಡಲ್ಲ." ಹೇಳ್ತಾ ಹೇಳ್ತಾ ಕೂತಲ್ಲೇ ಬಲ ಹೆಗಲು ಮೇಲೆತ್ತಿದ್ದರು.

ನಮ್ಮೂರ ಜಾತ್ರೆಯಲ್ಲಿ ಉತ್ಸವಮೂರ್ತಿ ಹೊರುತ್ತಿದ್ದ ದೊಡ್ಡಪ್ಪನ ಹೆಗಲಿನಲ್ಲೂ ಇಂಥದ್ದೇ ಗುರುತಿತ್ತು. ಹೇಳಿದೆ. ಅಜ್ಜ ನನ್ನ ಕೈ ಹಿಡಿದುಕೊಂಡು, ನಿಮ್ಮೂರ ದೇವರು ಎಷ್ಟು ಭಾರ ಅಂತ ಕೇಳಿದರು.

ಇಲ್ಲಿಗೆ ಬರುವ ಟೂರಿಸ್ಟರು ಕ್ಯೂ ನಿಲ್ಲೋದು ಸಂತ ಜಾನ್ ಕೋ-ಕಥೀಡ್ರಲ್ ಮುಂದೆ. ಇಟಲಿಯ ಚಿತ್ರಕಾರ ಕರವಾಜ್ಜೊ 1608ರಲ್ಲಿ ಬರೆದ, ಸಂತ ಜಾನ್‌ನ ತಲೆ ಕಡಿಯುವ ಚಿತ್ರ ಆ ಚರ್ಚಿನಲ್ಲಿದೆ. ಸಂತನ ಕುತ್ತಿಗೆಯಿಂದ ಹರಿದ ರಕ್ತದಲ್ಲೇ ತನ್ನ ಸಹಿ ಹಾಕಿದ್ದಾನೆ. ನಾನೂ ನೋಡಿದ್ದೀನಿ, ಮೈ ಜುಂ ಅಂತು. ಆದರೆ ಆ ಗಂಟು ಮುಟ್ಟಿದಾಗ ಆಗಿದ್ದೇ ಬೇರೆ. ಅದನ್ನ ನೋಡೋಕೆ ಯಾರೂ ಟಿಕೆಟ್ ತಗೊಳ್ಳಲ್ಲ. ಅಜ್ಜನ ಜೊತೆಗೇ ಹೋಗಿಬಿಡುತ್ತೆ.

ಮೊಮ್ಮಗ ಹೊರ್ತಾನಾ ಅಂದೆ. ಅವನು ಬೇರೆ ದೇಶದಲ್ಲಿದ್ದಾನಂತೆ. ಮತ್ತೆ ಮಾತಿಲ್ಲ. ಇಲ್ಲಿನ ಚರ್ಚೇ ಎಣಿಸಿದ ಲೆಕ್ಕ ಇದೆ: 2005ರಲ್ಲಿ ಭಾನುವಾರದ ಪೂಜೆಗೆ ಹೋಗುತ್ತಿದ್ದವರು ಅರ್ಧಕ್ಕಿಂತ ಜಾಸ್ತಿ, 2017ಕ್ಕೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಮೂರ್ತಿ ಹೊರೋಕೆ ಈಗಲೂ ಹುಡುಗರಿದ್ದಾರೆ, ನಿಜ. ಆದರೂ ಹೊಟ್ಟೆಯಲ್ಲೇನೋ ಸಂಕಟ.

ಅಮ್ಮ ಫೋನ್ ಮಾಡಿದ್ದಳು. ಮನೆ ಸೋರುತ್ತಂತೆ, ಹೆಂಚು ಬದಲಿಸಬೇಕಂತೆ. ತಿಂಗಳ ಕೊನೆಗೆ ಕಳಿಸ್ತೀನಿ ಅಂದೆ.

ಸಂಜೆ ಪಟಾಕಿ ಸದ್ದು ಕೇಳಿದಾಗ ಅಜ್ಜ ಎಬ್ಬಿಸಿ ನಿಲ್ಲಿಸು ಅಂದರು. ನಿಲ್ಲಿಸಿದೆ. ನಿಂತುಕೊಂಡೇ ಪೌಲನ ಕಥೆ ಹೇಳಿದರು. ಹಡಗಿನಲ್ಲಿದ್ದ 276 ಜನರೂ ಬದುಕಿದ್ದು, ಮಳೆ ಚಳಿಯಲ್ಲಿ ನಡುಗುತ್ತಿದ್ದ ಪರದೇಶದವರಿಗೆ ದ್ವೀಪದವರು ಬೆಂಕಿ ಹಾಕಿಕೊಟ್ಟಿದ್ದು, ಸೌದೆಯೊಳಗಿಂದ ಹಾವು ಬಂದು ಪೌಲನ ಕೈಗೆ ಕಚ್ಚಿದರೂ ಏನೂ ಆಗದಿದ್ದದ್ದು. ಆಮೇಲೆ ದ್ವೀಪದ ಮುಖಂಡ ಪುಬ್ಲಿಯನ ಅಪ್ಪನನ್ನ ವಾಸಿಮಾಡಿದ್ದು. ಆ ಮುದುಕನಿಗೆ ಜ್ವರ, ರಕ್ತಭೇದಿ.

ಮಲಗೋಕೆ ಬಂದರೂ ನನ್ನ ತಲೆ ಅಲ್ಲೇ ನಿಂತಿದೆ. ರಕ್ತಭೇದಿ ಅಂದ್ರೆ ಎಷ್ಟು ಸಲ ಹಾಸಿಗೆ ಬದಲಿಸಬೇಕು, ಎಷ್ಟು ನೀರು ಕುಡಿಸಬೇಕು. ಪೌಲ ಬರೋವರೆಗೂ ಅವನನ್ನ ಯಾರೋ ನೋಡಿಕೊಂಡಿರಲೇಬೇಕಲ್ವಾ? ಸೊಸೆಯೋ, ಮನೆಯ ಆಳೋ, ಇಲ್ಲಾ ನನ್ನ ಹಾಗೆ ಎಲ್ಲಿಂದಲೋ ಬಂದ...