ಡ್ರ್ಯಾಗನ್ ಉಗುಳೋ ಬೆಂಕಿ ಮ್ಯಾಜಿಕ್ಕಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಪಾತ್ರ ವಹಿಸಿ ಕಥೆ ಕಟ್ಟೋ ಆಟ ಆಡೋರು ಒಂದಲ್ಲ ಒಂದು ದಿನ ಈ ವಾದಕ್ಕೆ ಬಿದ್ದೇ ಬೀಳ್ತಾರೆ. ನಮ್ಮ ವಿಜ಼ರ್ಡ್ (ಮಂತ್ರವಾದಿ) ಆ್ಯಂಟಿಮ್ಯಾಜಿಕ್ ಫೀಲ್ಡ್ ಅನ್ನೋ ಮ್ಯಾಜಿಕ್ ತಡೆಯೋ ವಲಯ ಹಾಕಿದಾನೆ, ಸುತ್ತ 10 ಅಡಿ ಯಾವ ಮಂತ್ರವೂ ನಡೆಯಲ್ಲ. ಎದುರಿಗಿರೋ ಡ್ರ್ಯಾಗನ್ ಬೆಂಕಿ ಉಗುಳಿದ್ರೆ?

2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಉತ್ತರ ಸಲೀಸು. ವಿಶೇಷ ಶಕ್ತಿಗಳಿಗೆಲ್ಲ ಚೀಟಿ ಅಂಟಿಸಿದ್ರು: ಎಕ್ಸ್‌ಟ್ರಾರ್ಡಿನರಿ, ಸ್ಪೆಲ್‌-ಲೈಕ್, ಸೂಪರ್‌ನ್ಯಾಚುರಲ್. ಡ್ರ್ಯಾಗನ್ ಉಸಿರು ಸೂಪರ್‌ನ್ಯಾಚುರಲ್, ಅಂದ್ರೆ ಮಂತ್ರ ಅಲ್ಲದಿದ್ರೂ ಮ್ಯಾಜಿಕ್ಕೇ, ಹಾಗಾಗಿ ಫೀಲ್ಡ್ ಒಳಗೆ ಅದು ನಡೀತಿರಲಿಲ್ಲ. 2014ರ ಐದನೇ ಆವೃತ್ತಿ ಆ ಚೀಟಿಗಳನ್ನೆಲ್ಲ ಕಿತ್ತುಹಾಕ್ತು. ಈಗ ಇಂಥ ಪ್ರಶ್ನೆ ಕೇಳ್ಬೇಕು: ಅದು ಸ್ಪೆಲ್ಲಾ (ಮಂತ್ರವಾ)? ಸ್ಪೆಲ್ ಸ್ಲಾಟ್ (ಮಂತ್ರ ಹಾಕೋಕೆ ಇರೋ ಮಿತವಾದ ಕೋಟಾ) ಖರ್ಚಾಗುತ್ತಾ? ವಿವರಣೆಯಲ್ಲಿ ಮ್ಯಾಜಿಕ್ ಅಂತ ಬರೆದಿದೆಯಾ? ಯಾವುದೂ ಇಲ್ಲ ಅಂದ್ರೆ ಅದು ಆ ಲೋಕದ ಸಹಜ ಗುಣ. ಫೀಲ್ಡ್ ಒಳಗಿದ್ರೂ ವಿಜ಼ರ್ಡ್ ಸುಟ್ಟುಹೋಗ್ತಾನೆ.

ನಂಗೆ ಇದೇ ಸರಿ ಅನ್ಸುತ್ತೆ. ಹಾವಿಗೆ ವಿಷ ಇದ್ದ ಹಾಗೆ ಡ್ರ್ಯಾಗನ್‌ಗೆ ಬೆಂಕಿ, ಕಲಿತ ವಿದ್ಯೆ ಅಲ್ಲ.

ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ಯೋಧ) ವಿಷಯದಲ್ಲಿ ಮಾತ್ರ ಮನಸ್ಸು ಒಪ್ತಿಲ್ಲ. 2024ರ ನಿಯಮಗಳಲ್ಲಿ ಅವನ ಡಿವೈನ್ ಸ್ಮೈಟ್ ಅನ್ನೋ ದೈವಿಕ ಏಟು ನೇರವಾಗಿ ಸ್ಪೆಲ್ಲೇ ಆಗ್ಬಿಟ್ಟಿದೆ, ಕೌಂಟರ್‌ಸ್ಪೆಲ್ ಅನ್ನೋ ಎದುರು ಮಂತ್ರ ಹಾಕಿ ತಡೀಬಹುದು. ಪ್ರತಿಜ್ಞೆಯ ಬಲದಿಂದ ಬೀಳೋ ಏಟಿಗೂ ಪುಸ್ತಕ ಓದಿ ಕಲಿತ ಮಂತ್ರಕ್ಕೂ ವ್ಯತ್ಯಾಸ ಇರ್ಬೇಕಿತ್ತು. ನಮ್ಮ ಗುಂಪಲ್ಲಿ ಹಳೇ ಸ್ಮೈಟನ್ನೇ ಇಟ್ಕೊಳ್ಳೋಣ ಅಂತ ಮುಂದಿನ ಆಟದಲ್ಲಿ ಕೇಳ್ತೀನಿ.