ಫ್ಲಾಸ್ಕಿನಲ್ಲಿ ಇರುವುದು ಯಾರು?

ಕಾಸರಗೋಡು ಜಿಲ್ಲೆಯ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಗರ್ಭಕೋಶದ ಗಡ್ಡೆ, ಅಂದರೆ ಫೈಬ್ರಾಯ್ಡ್, ಹೇಗೆ ಬೆಳೆಯುತ್ತದೆ, ಯಾವ ಮದ್ದಿಗೆ ಬಗ್ಗುತ್ತದೆ ಅನ್ನುವುದು ನಮ್ಮ ವಿಷಯ. ಸೇರಿದ ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದ ಎಂಟು ತಿಂಗಳ ಕೆಲಸ ಹಾಳಾಯಿತು. ಹೊಸಬರು ಬಂದಾಗಲೆಲ್ಲ ಅದನ್ನು ಬಾಯಿಮಾತಿನಲ್ಲಿ ಹೇಳುತ್ತಿದ್ದೆ. ಈಗ ಬರೆದೇ ಇಡುತ್ತಿದ್ದೇನೆ.

ಆಪರೇಷನ್ ಆದ ಮೇಲೆ ಗಡ್ಡೆಯ ಒಂದು ತುಂಡು ಐಸ್ ಪೆಟ್ಟಿಗೆಯಲ್ಲಿ ನಮ್ಮಲ್ಲಿಗೆ ಬರುತ್ತದೆ. ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಆಶ್ಚರ್ಯವಾದದ್ದು ಅದರ ಗಟ್ಟಿತನ. ಬೆಳ್ಳಗೆ, ರಬ್ಬರಿನ ಹಾಗೆ. ಬ್ಲೇಡು ಎಳೆದರೆ ಬೆರಳಿಗೆ ತಡೆ ಗೊತ್ತಾಗುತ್ತದೆ. ಕೊಯ್ದ ಕಡೆ ಸುರುಳಿ ಸುರುಳಿ ಗೆರೆ, ನೂಲಿನ ಉಂಡೆಯನ್ನು ಅಡ್ಡ ಕೊಯ್ದ ಹಾಗೆ. ಪಕ್ಕದ ತಟ್ಟೆಯಲ್ಲಿ ಅದೇ ಹೆಂಗಸಿನ ಗರ್ಭಕೋಶದ ಮಾಮೂಲಿ ಸ್ನಾಯುವಿನ ಚೂರು ಇರುತ್ತದೆ. ಅದು ಗುಲಾಬಿ ಬಣ್ಣ, ಮೆತ್ತಗೆ. ಎರಡನ್ನೂ ಜೊತೆಗೆ ನೋಡಿದರೆ ಒಂದೇ ಅಂಗದಿಂದ ಬಂದದ್ದು ಅಂತ ನಂಬುವುದೇ ಕಷ್ಟ. ಆ ಗಟ್ಟಿತನಕ್ಕೆ ಕಾರಣ ಕೊಲಾಜೆನ್ ಎಂಬ ನಾರು. ಗಡ್ಡೆಯ ಗಾತ್ರದಲ್ಲಿ ದೊಡ್ಡ ಪಾಲು ಜೀವಕೋಶಗಳದ್ದಲ್ಲ, ಅವುಗಳ ಸುತ್ತ ತುಂಬಿಕೊಂಡ ಈ ನಾರಿನದು.

ತುಂಡನ್ನು ಸಣ್ಣಗೆ ಕೊಚ್ಚಿ, ಆ ನಾರನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವ ಹಾಕಿ, 37 ಡಿಗ್ರಿಯಲ್ಲಿ ಗಂಟೆಗಟ್ಟಲೆ ಅಲುಗಿಸುತ್ತಾ ಇಡುತ್ತೇವೆ. ನಾರು ಕರಗಿ ಸೆಲ್‌ಗಳು ಬಿಡಿಬಿಡಿಯಾಗುತ್ತವೆ. ಸೋಸಿ ಫ್ಲಾಸ್ಕಿಗೆ ಹಾಕಿದರೆ ತಳಕ್ಕೆ ಅಂಟಿಕೊಂಡು ಹರಡುತ್ತವೆ. ಫ್ಲಾಸ್ಕ್ ತುಂಬಿದಾಗ ಬಿಡಿಸಿ ಹೊಸ ಫ್ಲಾಸ್ಕುಗಳಿಗೆ ಹಂಚಬೇಕು. ಇದಕ್ಕೆ ಪ್ಯಾಸೇಜ್ ಅನ್ನುತ್ತೇವೆ.

ಮೊದಮೊದಲು ನನ್ನ ಸೆಲ್‌ಗಳು ಸರಿಯಾಗಿ ಅಂಟುತ್ತಲೇ ಇರಲಿಲ್ಲ. ಸತ್ತು ತೇಲುತ್ತಿದ್ದವು. ಮಳೆಗಾಲ ಬೇರೆ, ಒಂದು ವಾರವಿಡೀ ಬೂಸ್ಟು ಬಂದು ಎಲ್ಲ ಎಸೆದೆ. ಹಾಗಾಗಿ ಒಂದು ದಿನ ಫ್ಲಾಸ್ಕಿನ ತಳ ತುಂಬ ಉದ್ದುದ್ದ ಸೆಲ್‌ಗಳು ಕಂಡಾಗ ನನಗೆ ಕುಣಿಯುವಷ್ಟು ಖುಷಿ. ಮೂರನೇ ಪ್ಯಾಸೇಜಿನ ಹೊತ್ತಿಗೆ ಬೆಳವಣಿಗೆ ಇನ್ನೂ ಜೋರಾಯಿತು. ಐದನೇ ಪ್ಯಾಸೇಜಿಗೆ ಬೇಕಾದಷ್ಟು ಸೆಲ್‌ಗಳು. ಪ್ರಯೋಗ ಶುರು ಮಾಡಿದೆ.

ನನ್ನ ಪ್ರಶ್ನೆ ವಿಟಮಿನ್ ಡಿ ಬಗ್ಗೆ. ಅಮೆರಿಕದಲ್ಲಿ ಅಯ್ಮನ್ ಅಲ್‌ಹೆಂಡಿಯವರ ತಂಡ ವಿಟಮಿನ್ ಡಿ ಕೊಟ್ಟಾಗ ಈಕರ್ ಎಂಬ ತಳಿಯ ಇಲಿಗಳಲ್ಲಿ ಗಡ್ಡೆ ಕುಗ್ಗಿದ್ದನ್ನು 2012ರಲ್ಲಿ ಪ್ರಕಟಿಸಿತ್ತು. ನಮ್ಮೂರ ಹೆಂಗಸರ ಸೆಲ್‌ಗಳಲ್ಲಿ ಏನಾಗುತ್ತದೆ ಅಂತ ನೋಡಬೇಕಿತ್ತು. ಏನೂ ಆಗಲಿಲ್ಲ. ಪ್ರಮಾಣ ಏರಿಸಿದೆ, ದಿನ ಹೆಚ್ಚಿಸಿದೆ, ಏನೂ ಇಲ್ಲ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹಾಕಿದರೂ ಬೆಳವಣಿಗೆ ಜಾಸ್ತಿಯಾಗಲಿಲ್ಲ. ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಈ ಗಡ್ಡೆಯನ್ನು ಬೆಳೆಸುವುದೇ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್, ಅಲ್ವಾ? ಈಸ್ಟ್ರೋಜೆನ್ ಸೆಲ್‌ನಲ್ಲಿ ಪ್ರೊಜೆಸ್ಟರಾನಿನ ರಿಸೆಪ್ಟರನ್ನು, ಅಂದರೆ ಆ ಹಾರ್ಮೋನು ಬಂದು ಕೂರುವ ಜಾಗವನ್ನು, ತಯಾರು ಮಾಡಿಸುತ್ತದೆ, ಆಮೇಲೆ ಪ್ರೊಜೆಸ್ಟರಾನ್ ಬಂದು ಬೆಳೆಸುತ್ತದೆ. ಅದಕ್ಕೇ ಮುಟ್ಟು ನಿಂತ ಮೇಲೆ ಹೆಚ್ಚಿನವರಲ್ಲಿ ಗಡ್ಡೆ ಕುಗ್ಗುವುದು. ಹಾರ್ಮೋನಿಗೆ ಕ್ಯಾರೇ ಅನ್ನದ ಫೈಬ್ರಾಯ್ಡ್ ಸೆಲ್ ಇದ್ದರೆ ಅದನ್ನು ಅನುಮಾನಿಸಬೇಕು. ನಾನು ಮದ್ದನ್ನು ಅನುಮಾನಿಸಿದೆ.

ಎಂಟು ತಿಂಗಳ ಗ್ರಾಫುಗಳನ್ನು ಟೀಚರಿಗೆ ತೋರಿಸಿದೆ. (ನಮ್ಮ ಗೈಡನ್ನು ನಾವೆಲ್ಲ ಟೀಚರ್ ಅಂತಲೇ ಕರೆಯುವುದು, ಈ ಕಡೆಯ ರೂಢಿ.) ಅವರು ಗ್ರಾಫು ನೋಡಲೇ ಇಲ್ಲ. ಇನ್‌ಕ್ಯುಬೇಟರ್ ಬಾಗಿಲು ತೆಗೆದು ಕೇಳಿದರು: "ಈ ಫ್ಲಾಸ್ಕಿನಲ್ಲಿ ಇರುವುದು ಯಾರು?"

"ಗಡ್ಡೆಯ ಸೆಲ್‌ಗಳು, ಟೀಚರ್."

"ಹೇಗೆ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಡ್ಡೆಯಿಂದ ತೆಗೆದೆ, ಹಾಗಾಗಿ ಗಡ್ಡೆಯ ಸೆಲ್. ಅಷ್ಟೇ ನನ್ನ ಲೆಕ್ಕ.

2011ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ದೊಡ್ಡ ವಿಷಯವೊಂದನ್ನು ಕಂಡುಹಿಡಿದರು. ಅವರು ನೋಡಿದ ಗಡ್ಡೆಗಳಲ್ಲಿ ಸುಮಾರು 70 ಶೇಕಡಾದಷ್ಟರಲ್ಲಿ ಮೆಡ್12 ಎಂಬ ಜೀನಿನಲ್ಲಿ ಬದಲಾವಣೆ ಇತ್ತು. ಅದೂ ಹೆಚ್ಚಾಗಿ ಒಂದೇ ಜಾಗದಲ್ಲಿ, 44ನೇ ಕೋಡಾನಿನಲ್ಲಿ (ಜೀನಿನ ಮೂರು ಅಕ್ಷರಗಳ ಒಂದು ಗುಂಪಿಗೆ ಕೋಡಾನ್ ಅನ್ನುತ್ತಾರೆ). ಆ ಬದಲಾವಣೆ ಗಡ್ಡೆಯಲ್ಲಿ ಮಾತ್ರ, ಪಕ್ಕದ ಸ್ನಾಯುವಿನಲ್ಲಿ ಇಲ್ಲ. ಒಂದೊಂದು ಗಡ್ಡೆಯೂ ಗರ್ಭಕೋಶದ ಸ್ನಾಯುವಿನ ಒಂದೇ ಒಂದು ಸೆಲ್‌ನಿಂದ ಹುಟ್ಟಿ ಬೆಳೆದದ್ದು. ಹಾಗಾಗಿ ಈ ಗುರುತು ಇದ್ದ ಗಡ್ಡೆಯಲ್ಲಿ ಅದು ಎಲ್ಲ ಸ್ನಾಯು ಸೆಲ್‌ಗಳಿಗೂ ಇಳಿದು ಬಂದಿರುತ್ತದೆ. ಆದರೆ ಗಡ್ಡೆಯೊಳಗೆ ಬೇರೆಯವರೂ ಇರುತ್ತಾರೆ. ನಾರು ತಯಾರಿಸುವ ಫೈಬ್ರೊಬ್ಲಾಸ್ಟ್‌ಗಳು, ರಕ್ತನಾಳದ ಸೆಲ್‌ಗಳು. ಇವರಲ್ಲಿ ಆ ಗುರುತು ಇರುವುದಿಲ್ಲ.

ಪುಣ್ಯಕ್ಕೆ ಒಂದು ಗಡ್ಡೆಯ ಮೂಲ ತುಂಡು ಫ್ರೀಜರಿನಲ್ಲಿ ಉಳಿದಿತ್ತು. ಅದರ ಡಿಎನ್ಎ, ಮೊದಲ ಪ್ಯಾಸೇಜಿನದ್ದು, ಐದನೆಯದ್ದು, ಮೂರನ್ನೂ ಸೀಕ್ವೆನ್ಸಿಂಗಿಗೆ, ಅಂದರೆ ಡಿಎನ್ಎಯ ಅಕ್ಷರಗಳನ್ನು ಓದಿಸಲು, ಕಳಿಸಿದೆವು. ರಿಪೋರ್ಟು ಬಂದ ದಿನ ಪರದೆಯ ಮೇಲೆ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಸೀಕ್ವೆನ್ಸಿಂಗಿನ ಚಿತ್ರದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಗುಡ್ಡ. ಜಿ ಕಪ್ಪು, ಎ ಹಸಿರು. ಈ ಗಡ್ಡೆಯಲ್ಲಿ ಜಿ ಇರಬೇಕಾದ ಕಡೆ ಎ ಬಂದಿತ್ತು, ಅಂದರೆ ಹಸಿರೇ ಗಡ್ಡೆಯ ಗುರುತು. ಮೂಲ ತುಂಡಿನಲ್ಲಿ ಆ ಒಂದು ಜಾಗದಲ್ಲಿ ಕಪ್ಪು ಗುಡ್ಡದ ಒಳಗೇ ಹಸಿರು ಗುಡ್ಡ, ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಮೊದಲ ಪ್ಯಾಸೇಜಿನಲ್ಲಿ ಹಸಿರು ಅರ್ಧಕ್ಕೆ ಇಳಿದಿತ್ತು. ಐದನೆಯದರಲ್ಲಿ ಹಸಿರೇ ಇಲ್ಲ. ಬರೀ ಕಪ್ಪು.

ಅಂದರೆ ನಾನು ಬೆಳೆಸಿದ್ದು ಗಡ್ಡೆಯ ಸೆಲ್‌ಗಳನ್ನಲ್ಲ. ಅವು ಪ್ಲಾಸ್ಟಿಕ್ಕಿನ ಮೇಲೆ ಹಿಂದೆ ಬಿದ್ದವು, ಜೊತೆಗೆ ಬಂದಿದ್ದ ಮಾಮೂಲಿ ಸೆಲ್‌ಗಳು ಮುಂದೆ ಹೋದವು. ಮೈಕ್ರೋಸ್ಕೋಪಿನಲ್ಲಿ ಎರಡೂ ಉದ್ದುದ್ದ, ಚೂಪು ತುದಿ, ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ನಮ್ಮಜ್ಜಿ ಗದ್ದೆಯಲ್ಲಿ ಭತ್ತದ ಹಾಗೇ ಕಾಣುವ ಹುಲ್ಲನ್ನು ದೂರದಿಂದ ನಂಬುತ್ತಿರಲಿಲ್ಲ. ಬಗ್ಗಿ, ಎಲೆ ಕಾಂಡಕ್ಕೆ ಸೇರುವ ಕಡೆ ಬೆರಳಿಟ್ಟು ನೋಡಿಯೇ ಕೀಳುತ್ತಿದ್ದರು. ನಾನು ಎಂಟು ತಿಂಗಳು ಬಗ್ಗಲೇ ಇಲ್ಲ. ಇದು ಬೇರೆ ದೇಶದ ಲ್ಯಾಬುಗಳಿಗೆ ಮೊದಲೇ ಗೊತ್ತಾಗಿ ಪ್ರಕಟವೂ ಆಗಿತ್ತು. ನಾನು ಓದಿರಲಿಲ್ಲ.

ಹುಡುಕುತ್ತಾ ಹೋದಾಗ ಇನ್ನೊಂದು ತಪ್ಪೂ ಸಿಕ್ಕಿತು. ಸೆಲ್‌ಗಳನ್ನು ಬೆಳೆಸುವ ದ್ರವ, ಅಂದರೆ ಮೀಡಿಯಂ, ಕೆಂಪಗಿರುವುದು ಫಿನಾಲ್ ರೆಡ್ ಎಂಬ ಬಣ್ಣದಿಂದ. ಅದು ತೆಳುವಾಗಿ ಈಸ್ಟ್ರೋಜೆನ್‌ನಂತೆ ವರ್ತಿಸುತ್ತದೆ ಅಂತ 1986ರಲ್ಲೇ ಗೊತ್ತಾಗಿದೆ. ಅದಕ್ಕೆ ಸೇರಿಸುವ ಸೀರಂನಲ್ಲಿ, ಅಂದರೆ ರಕ್ತದಿಂದ ತೆಗೆದ ತಿಳಿಯಲ್ಲಿ, ಹಾರ್ಮೋನು ಇದ್ದೇ ಇರುತ್ತದೆ. ನಾನು "ಹಾರ್ಮೋನು ಇಲ್ಲದ್ದು" ಅಂತ ಚೀಟಿ ಅಂಟಿಸಿದ ಫ್ಲಾಸ್ಕಿನಲ್ಲೂ ಹಾರ್ಮೋನು ಇತ್ತು. ಬಾಸ್ಟನ್ನಿನಲ್ಲಿ ಆನಾ ಸೋಟೊ ಮತ್ತು ಕಾರ್ಲೋಸ್ ಸೊನ್ನೆನ್‌ಶೈನ್ ಅವರ ಸ್ತನ ಕ್ಯಾನ್ಸರಿನ ಸೆಲ್‌ಗಳು ಈಸ್ಟ್ರೋಜೆನ್ ಹಾಕದೆಯೂ ಬೆಳೆದಾಗ, ಅವರು ಹಿಂದೆ ಬಿದ್ದು ಹುಡುಕಿ, ಪ್ಲಾಸ್ಟಿಕ್ ಟ್ಯೂಬಿನಿಂದಲೇ ಈಸ್ಟ್ರೋಜೆನ್‌ನಂತೆ ವರ್ತಿಸುವ ನೊನೈಲ್‌ಫಿನಾಲ್ ಎಂಬ ರಾಸಾಯನಿಕ ಸೋರುತ್ತಿದೆ ಅಂತ 1991ರಲ್ಲಿ ಬರೆದರು. ಅವರ ಆ ಹಠ ನನಗೆ ತುಂಬಾ ಇಷ್ಟ.

ಟೀಚರ್ ಬೈಯಲಿಲ್ಲ. ಎಂಟು ತಿಂಗಳ ಲೆಕ್ಕವನ್ನೆಲ್ಲ ಬದಿಗಿಟ್ಟೆವು. ನನಗೆ ನಿಜವಾಗಿ ನೋವಾದದ್ದು ಗ್ರಾಫಿಗಲ್ಲ, ಗಡ್ಡೆಯ ತುಂಡು ಕೊಟ್ಟ ಆ 11 ಹೆಂಗಸರ ನೆನಪಿಗೆ. ಒಪ್ಪಿಗೆ ಪತ್ರ ತೆಗೆದುಕೊಂಡು ವಾರ್ಡಿಗೆ ಹೋಗುತ್ತಿದ್ದದ್ದು ನಾನೇ. ಪತ್ರ ಮೊದಲು ಮಲಯಾಳದಲ್ಲಿ ಮಾತ್ರ ಇತ್ತು, ಕನ್ನಡಕ್ಕೆ ತಂದವಳೂ ನಾನೇ. ಬದಿಯಡ್ಕ ಕಡೆಯ ಒಬ್ಬ ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡರು. ವರ್ಷಗಟ್ಟಲೆ ಮುಟ್ಟಿನಲ್ಲಿ ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. "ಮೂರು ಗಡ್ಡೆ ಅಂತೆ ಮಗಳೇ. ಎರಡು ಸುಮ್ನೆ ಇದೆ, ಒಂದು ಮಾತ್ರ ಯಾಕೆ ಇಷ್ಟು ಬೆಳೆಯಿತು? ನಾನು ತಿಂದದ್ದರಿಂದವಾ?" ಅಂತ ಕೇಳಿದರು.

ಆ ದಿನ ಏನೋ ಹೇಳಿ ಬಂದೆ. ಉತ್ತರದ ಒಂದು ತುದಿ ಇಲ್ಲಿದೆ. 2008ರಲ್ಲಿ ಅಮೆರಿಕದಲ್ಲಿ 72 ಹೆಂಗಸರ 262 ಗಡ್ಡೆಗಳನ್ನು ಎಂಆರ್‌ಐಯಲ್ಲಿ ಮತ್ತೆ ಮತ್ತೆ ಅಳೆದ ವರದಿ ಬಂತು. ಒಂದೇ ಗರ್ಭಕೋಶದ ಗಡ್ಡೆಗಳು ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತವೆ, ಕೆಲವು ತಾವಾಗಿಯೇ ಕುಗ್ಗುತ್ತವೆ. ಮೂರಕ್ಕೂ ಹೋಗುವುದು ಅದೇ ರಕ್ತ, ಅದೇ ಹಾರ್ಮೋನು. ವ್ಯತ್ಯಾಸ ಇರುವುದು ಗಡ್ಡೆಯ ಒಳಗೆ. ಅದಕ್ಕೇ ನಮಗೆ ಸರಿಯಾದ ಸೆಲ್ ಬೇಕು. ಈಗಿರುವ ಮದ್ದುಗಳು ಬಹುಪಾಲು ಹಾರ್ಮೋನನ್ನು ಹಿಡಿಯುವಂಥವು. ಲ್ಯುಪ್ರೊಲೈಡ್ ಇಂಜೆಕ್ಷನ್ ಗಡ್ಡೆಯನ್ನು ಕುಗ್ಗಿಸುತ್ತದೆ, ಆದರೆ ಜಾಸ್ತಿ ದಿನ ಕೊಟ್ಟರೆ ಮೂಳೆ ಸವೆಯುತ್ತದೆ, ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಯುಲಿಪ್ರಿಸ್ಟಾಲ್ ಎಂಬ ಮಾತ್ರೆಯ ಮೇಲೆ ತುಂಬಾ ಭರವಸೆ ಇತ್ತು, ಕೆಲವರ ಲಿವರಿಗೆ ತೀವ್ರ ಪೆಟ್ಟು ಬಿದ್ದು ಯುರೋಪಿನಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದರು. ಗಡ್ಡೆಯನ್ನು ಮಾತ್ರ ಮುಟ್ಟುವ ಮದ್ದು ಹುಡುಕಬೇಕಾದರೆ ಗಡ್ಡೆಯ ಮೇಲೇ ಪರೀಕ್ಷೆ ಮಾಡಬೇಕು. ನಾನು "ವಿಟಮಿನ್ ಡಿಯಿಂದ ಏನೂ ಆಗುವುದಿಲ್ಲ" ಅಂತ ಬರೆದು ಕಳಿಸಿದ್ದರೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಅದೇ ರೀತಿ, ಲ್ಯಾಬಿನ ಸೆಲ್ ಕುಗ್ಗಿತು ಅಂತ ವಾಟ್ಸಾಪಿನಲ್ಲಿ ಗ್ರೀನ್ ಟೀಯನ್ನು ಮದ್ದು ಅಂತ ಹಂಚುವುದೂ ಸರಿಯಲ್ಲ. ತಟ್ಟೆಯ ಸೆಲ್‌ಗೂ ಮನುಷ್ಯರ ದೇಹಕ್ಕೂ ನಡುವೆ ತುಂಬಾ ದೂರ ಇದೆ.

ಈಗ ನಮ್ಮಲ್ಲಿ ಕೆಲವು ಕಟ್ಟುನಿಟ್ಟು. ಎರಡನೇ ಪ್ಯಾಸೇಜ್ ದಾಟಿದ ಸೆಲ್ ಮೇಲೆ ಹಾರ್ಮೋನಿನ ಪ್ರಯೋಗ ಇಲ್ಲ. ಬಣ್ಣವಿಲ್ಲದ ಮೀಡಿಯಂ, ಇದ್ದಿಲು ಹಾಕಿ ಹಾರ್ಮೋನು ತೆಗೆದ ಸೀರಂ. ಪ್ರಯೋಗದ ಮೊದಲೂ ಕೊನೆಯಲ್ಲೂ ಮೆಡ್12 ನೋಡಲೇಬೇಕು. ಸೆಲ್ ಕಡಿಮೆ ಸಿಗುತ್ತದೆ, ಕೆಲಸ ನಿಧಾನವಾಗುತ್ತದೆ. ಪರವಾಗಿಲ್ಲ. ಚೆನ್ನಾಗಿ ಬೆಳೆದ ಫ್ಲಾಸ್ಕ್ ಕಂಡರೆ ಈಗ ನನಗೆ ಮೊದಲು ಬರುವುದು ಅನುಮಾನ.

ಕಳೆದ ವಾರ ಆ ಅಕ್ಕ ಆಸ್ಪತ್ರೆಯ ಜಗಲಿಯಲ್ಲಿ ಸಿಕ್ಕಿದರು. ಮುಖಕ್ಕೆ ರಕ್ತ ಬಂದಿದೆ. "ನನ್ನ ಗಡ್ಡೆಯಿಂದ ಏನಾದರೂ ಗೊತ್ತಾಯಿತಾ?" ಅಂದರು. ನಾನು ಸುಳ್ಳು ಹೇಳಲಿಲ್ಲ. "ನಿಮ್ಮ ತುಂಡಿನಲ್ಲಿ ನಾನು ತಪ್ಪು ಮಾಡಿದೆ ಅಕ್ಕ. ನಾನು ಬೆಳೆಸಿದ್ದು ಬೇರೆ ಸೆಲ್ ಅಂತ ತೋರಿಸಿಕೊಟ್ಟದ್ದು ನಿಮ್ಮ ತುಂಡೇ. ನಿಮ್ಮ ಊಟದಿಂದ ಆ ಒಂದು ಗಡ್ಡೆ ಬೆಳೆದದ್ದಲ್ಲ, ಅದರೊಳಗೇ ಏನೋ ಬೇರೆ ಇತ್ತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೂ ಇದೆಯಾ ಅದು?" ಅಂತ ಕೇಳಿದರು.

ಇದೆ ಅಂದೆ. ಮೈನಸ್ 80ರ ಫ್ರೀಜರಿನ ಮೂರನೇ ತಟ್ಟಿನಲ್ಲಿ, ಉಗುರಿನಷ್ಟು ಚೂರು.